ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗನ ಚರಿತ್ರೆ

ನಮ್ಮ ಶಾಲೆಯ ಸ್ಮರಣಸಂಚಿಕೆಯಲ್ಲಿ ಮಹನೀಯರೊಬ್ಬರ ಚರಿತ್ರೆಯಿರಬೇಕೆಂಬುದು ಹಿಂದಿನಿಂದ ನಡೆದುಬಂದ ಪದ್ಧತಿಯಷ್ಟೆ. ಫ್ಲಾರೆನ್ಸ್ ನೈಟಿಂಗೇಲ್, ಪಂಡಿತಾ ರಮಾಬಾಯಿ, ಕಿಟ್ಟೆಲ್ ಪಂಡಿತರು ಮುಂತಾದವರ ಚರಿತ್ರೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು. ಈ ಸಾರಿ ನಾವು ಆರಿಸಿಕೊಂಡಿರುವಾತನು ಬೋಧಕನೂ ಅಲ್ಲ, ವೈದ್ಯನೂ ಅಲ್ಲ. ರೇಡಿಯೋ ಯಂತ್ರಶಾಸ್ತ್ರದಲ್ಲಿ ಆಯುಷ್ಯವನ್ನೆಲ್ಲ ಕಳೆದ ಅಮೆರಿಕಾದವನೊಬ್ಬನು. ಇದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಲೇಸು.

ಕಳೆದ ಪೋಷಕರ ದಿನದ ವಿಜ್ಞಾನ ಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರು ರೇಡಿಯೋ ಪೆಟ್ಟಿಗೆಯೊಂದನ್ನು ಬಿಚ್ಚಿಟ್ಟು, ಎಫ್.ಎಂ. ಎಂದರೆ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡು ಎಂದು ದಪ್ಪ ಅಕ್ಷರಗಳಲ್ಲಿ ಬರೆದ ಹಲಗೆಯನ್ನು ಅದರ ಮುಂದೆ ನಿಲ್ಲಿಸಿದ್ದರು. ವಿಮಾನನಿಲ್ದಾಣದಲ್ಲಿ ಕೆಲಸದಲ್ಲಿರುವ ಪೋಷಕರೊಬ್ಬರು ಅದನ್ನು ಓದಿ, ಅದಕ್ಕೂ ಮೇಲೆ 118ರಿಂದಾಚೆಗೆ ವಿಮಾನ ನಡೆಸುವವರು ಮಾತನಾಡುತ್ತಾರಲ್ಲಾ, ಅದು ಯಾವುದೆಂದು ಕೇಳಿದರು. ಅದೂ ಎಫ್.ಎಂ. ಆಗಿರಬೇಕೆಂದು ಹುಡುಗಿಯರು ಉತ್ತರ ಕೊಟ್ಟರು. ಅಲ್ಲ, ಅದು ಎ.ಎಂ. ಎಂದು ಅವರು ನಗುತ್ತಾ ತಿಳಿಸಿದರು. ಹುಡುಗಿಯರು ನಮ್ಮ ಮುಖವನ್ನು ನೋಡಿದರು. ನಾವು ವಿಜ್ಞಾನದ ಉಪಾಧ್ಯಾಯಿನಿಯ ಮುಖವನ್ನು ನೋಡಿದೆವು. ಉತ್ತರವನ್ನು ಸಂಚಿಕೆಯಲ್ಲಿ ಬರೆಯುತ್ತೇವೆಂದು ಹೇಳಿ ಆ ದಿನ ಮಾನ ಉಳಿಸಿಕೊಂಡೆವು. ಆ ಮಾತನ್ನು ನಡೆಸಿಕೊಡುವುದಕ್ಕಾಗಿ ಓದಲು ಕುಳಿತಾಗ ಈ ಆರ್ಮ್‌ಸ್ಟ್ರಾಂಗನ ಚರಿತ್ರೆಯು ನಮಗೆ ದೊರೆಯಿತು. ಹಲಗೆಯ ಮೇಲಿದ್ದ ಆ ತಪ್ಪಿಗೂ ಈತನ ಬಾಳಿನ ದುಃಖಕ್ಕೂ ಹತ್ತಿರದ ಸಂಬಂಧವುಂಟೆಂದು ಓದಿದ ಮೇಲೆ ತಿಳಿಯಿತು.

ಮೊದಲು ಆ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ರೇಡಿಯೋ ತರಂಗವು ಒಂದು ಸೆಕೆಂಡಿಗೆ ಎಷ್ಟು ಸಾರಿ ಕಂಪಿಸುವುದೋ ಆ ಎಣಿಕೆಯು ಅದರ ಕಂಪನಸಂಖ್ಯೆ. ಸೆಕೆಂಡಿಗೆ ಸಾವಿರ ಕಂಪನಗಳಾದರೆ ಒಂದು ಕಿಲೋಹರ್ಟ್ಸ್. ಹತ್ತು ಲಕ್ಷವಾದರೆ ಒಂದು ಮೆಗಾಹರ್ಟ್ಸ್. ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಗೆರೆ ಎಳೆದು ಹಂಚಿಕೊಟ್ಟ ಸಂಖ್ಯೆಗಳ ಸಾಲಿಗೆ ಬ್ಯಾಂಡು ಎಂದು ಹೆಸರು. ಆದರೆ ಬರಿಯ ತರಂಗದಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಧ್ವನಿಯನ್ನು ಅದರ ಮೇಲೆ ಹೊರಿಸಬೇಕು. ಹೊರಿಸುವ ಕ್ರಮಕ್ಕೆ ಮಾಡ್ಯುಲೇಷನ್ ಎಂದು ಹೆಸರು.

ಸಂಗೀತದ ಪರಿಚಯವುಳ್ಳವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಪ್ರಾರ್ಥನಾಮಂದಿರದ ಹಾರ್ಮೋನಿಯಮ್ಮಿನ ತಿದಿಯನ್ನು ಬಲವಾಗಿ ಒತ್ತಿದರೆ ಸ್ವರವು ಜೋರಾಗುವುದು, ಮೆಲ್ಲಗೆ ಒತ್ತಿದರೆ ಕುಗ್ಗುವುದು. ಸ್ವರದ ಸ್ಥಾನ ಮಾತ್ರ ಕದಲದು. ಎ.ಎಂ. ಎಂಬುದು ಈ ಬಗೆಯದು: ತರಂಗದ ಬಲವು ಧ್ವನಿಗನುಸಾರವಾಗಿ ಹೆಚ್ಚುತ್ತಲೂ ಕುಗ್ಗುತ್ತಲೂ ಇರುವುದು. ವೀಣೆಯನ್ನು ನುಡಿಸುವಾಕೆ ತಂತಿಯನ್ನು ಪಕ್ಕಕ್ಕೆಳೆದು ಗಮಕವನ್ನು ಕೊಟ್ಟಾಗ ಸ್ವರವು ತನ್ನ ಸ್ಥಾನದಿಂದ ಆಚೆಗೂ ಈಚೆಗೂ ತೂಗುವುದಷ್ಟೆ. ಎಫ್.ಎಂ. ಈ ಬಗೆಯದು: ಇದರಲ್ಲಿ ಬಲವು ಸಮವಾಗಿದ್ದು ಕಂಪನಸಂಖ್ಯೆಯೇ ತೂಗುವುದು. ಇನ್ನು ಶ್ರುತಿಯ ಮಾತೇ ಬೇರೆ. ಒಂದು ಮನೆಯ ಶ್ರುತಿಯಲ್ಲಾಗಲಿ ಐದು ಮನೆಯ ಶ್ರುತಿಯಲ್ಲಾಗಲಿ ಗಮಕವು ಗಮಕವೇ. ಬ್ಯಾಂಡು ಎಂಬುದು ಶ್ರುತಿಯಂತೆ, ಮಾಡ್ಯುಲೇಷನ್ ಎಂಬುದು ಅದರಲ್ಲಿ ಹಾಡುವ ರೀತಿಯಂತೆ. ಒಂದರ ಹೆಸರನ್ನು ಇನ್ನೊಂದಕ್ಕೆ ಇಡಬಾರದು. ಹಲಗೆ ಬರೆದ ಹುಡುಗಿಯರು ಮಾಡಿದ್ದು ಅದನ್ನೇ. ಆದರೆ ಊರಿಗೆ ಊರೇ ಮಾಡುತ್ತಿರುವ ತಪ್ಪಿಗೆ ಅವರೊಬ್ಬರನ್ನೇ ಗದರಿಸುವುದು ನ್ಯಾಯವಲ್ಲ.

ಈಗ ಚರಿತ್ರೆಗೆ ಬರೋಣ. ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗನು 1890ನೆಯ ಡಿಸೆಂಬರ್ 18ರಂದು ನ್ಯೂಯಾರ್ಕ್ ಪಟ್ಟಣದಲ್ಲಿ ಜನಿಸಿದನು. ತಂದೆ ಜಾನ್ ಆರ್ಮ್‌ಸ್ಟ್ರಾಂಗನು ಸತ್ಯವೇದಗಳನ್ನೂ ಇತರ ಉತ್ತಮ ಗ್ರಂಥಗಳನ್ನೂ ಮಾರುತ್ತಿದ್ದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಅಮೆರಿಕಾ ಶಾಖೆಯಲ್ಲಿ ಕೆಲಸಕ್ಕೆ ಸೇರಿ ಮೇಲಿನ ಹುದ್ದೆಗೆ ಏರಿದವನು. ತಾಯಿ ಎಮಿಲಿಯು ಮದುವೆಗೆ ಮುಂಚೆ ಸರಕಾರಿ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿದ್ದಳು. ಇಬ್ಬರ ಮನೆತನಗಳೂ ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವು. ಎಡ್ವಿನನಿಗೆ ಇಬ್ಬರು ತಂಗಿಯರಿದ್ದರು.

ಎಂಟೊಂಬತ್ತು ವರುಷದವನಾಗಿದ್ದಾಗ ಹುಡುಗನಿಗೆ ನರಗಳ ರೋಗವೊಂದು ತಗಲಿತು. ಅಂಗಾಂಗಗಳು ತಾವಾಗಿಯೇ ಅದುರುವ ಆ ರೋಗದ ದೆಸೆಯಿಂದ ಎರಡು ವರುಷ ಶಾಲೆಯನ್ನು ಬಿಟ್ಟು ಮನೆಯಲ್ಲೇ ಪಾಠ ಕಲಿಯಬೇಕಾಯಿತು. ರೋಗವು ವಾಸಿಯಾದರೂ ಕೊರಳನ್ನೂ ಹೆಗಲನ್ನೂ ತಟಕ್ಕನೆ ಜಗ್ಗುವ ಚಾಳಿಯು ಆತನನ್ನು ಕಡೆಯವರೆಗೂ ಬಿಡಲಿಲ್ಲ. ಮಗನ ಆರೋಗ್ಯಕ್ಕೆ ಹಿತವಾಗಲೆಂದು ಮನೆಯವರು 1902ರಲ್ಲಿ ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಎಂಬ ಊರಿಗೆ ಹೋಗಿ ನೆಲೆಸಿದರು. ತಂದೆಯು ತಂದುಕೊಟ್ಟ ಪುಸ್ತಕಗಳಲ್ಲಿ ಮಾರ್ಕೋನಿಯ ವೃತ್ತಾಂತವನ್ನು ಓದಿದ ಹುಡುಗನು ತಾನೂ ಹೊಸದನ್ನು ಕಂಡುಹಿಡಿಯುವವನಾಗಬೇಕೆಂದು ನಿಶ್ಚಯಿಸಿದನು. ಅಟ್ಟದ ಮೇಲಿನ ಕೋಣೆಯು ತಂತಿಗಳಿಂದಲೂ ಸುರುಳಿಗಳಿಂದಲೂ ತುಂಬಿತು. ಅಂಗಳದಲ್ಲಿ ನೂರ ಇಪ್ಪತ್ತೈದು ಅಡಿ ಎತ್ತರದ ಕಂಬವನ್ನು ತಾನೇ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು ತುದಿಗೇರುತ್ತಿದ್ದನು. ಎತ್ತರದ ಮೇಲೆ ಆತನಿಗಿದ್ದ ಮೋಹವು ವಿಚಿತ್ರವಾದದ್ದು. ಇಂಥ ಮಗನನ್ನು ನಮ್ಮ ತಾಯಂದಿರು ಇಳಿಸಿ ತಂದು ಬಾಗಿಲು ಹಾಕಿಕೊಳ್ಳುತ್ತಿದ್ದರೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಆತನು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿ, ತಂದೆಯು ಕೊಡಿಸಿದ ಕೆಂಪು ಮೋಟಾರು ಸೈಕಲ್ಲಿನ ಮೇಲೆ ಪ್ರತಿದಿನವೂ ಓಡಾಡುತ್ತಾ ವಿದ್ಯುತ್ ಶಾಸ್ತ್ರವನ್ನು ಕಲಿತನು. ಅಲ್ಲಿ ಮೈಕೇಲ್ ಪ್ಯೂಪಿನ್ ಎಂಬ ಪ್ರಸಿದ್ಧ ಪಂಡಿತನು ಆತನಿಗೆ ಗುರುವಾದನು. ಆ ಕಾಲದಲ್ಲಿ ಲೀ ಡಿ ಫಾರೆಸ್ಟ್ ಎಂಬವನು ಗಾಜಿನ ಬುರುಡೆಯಂಥ ನಿರ್ವಾತ ಕೊಳವೆಯೊಂದನ್ನು ಕಂಡುಹಿಡಿದಿದ್ದನು. ಅದು ಹೇಗೆ ಕೆಲಸಮಾಡುವುದೆಂಬುದು ಅದನ್ನು ಮಾಡಿದವನಿಗೇ ಸರಿಯಾಗಿ ತಿಳಿದಿರಲಿಲ್ಲ. ಆರ್ಮ್‌ಸ್ಟ್ರಾಂಗನು ಅದನ್ನು ತಾಳ್ಮೆಯಿಂದ ಅಳೆದು ಪರೀಕ್ಷಿಸಿ, 1912ರಲ್ಲಿ, ಕೊಳವೆಯಿಂದ ಹೊರಬಂದ ಶಕ್ತಿಯಲ್ಲಿ ಸ್ವಲ್ಪವನ್ನು ಮತ್ತೆ ಅದರ ಬಾಯಿಗೇ ಹಿಂದಿರುಗಿಸುವ ಉಪಾಯವನ್ನು ಕಂಡುಕೊಂಡನು. ಕ್ಷೀಣವಾದ ಧ್ವನಿಯು ಇದರಿಂದ ಅನೇಕ ಪಾಲು ಹೆಚ್ಚಿ ಕೇಳಿಸಿತು. ಹಿಂದಿರುಗಿಸುವ ಪಾಲನ್ನು ಇನ್ನೂ ಹೆಚ್ಚಿಸಿದರೆ ಕೊಳವೆಯೇ ತರಂಗಗಳನ್ನು ಹುಟ್ಟಿಸತೊಡಗಿತು. ಆಗ ಆತನಿಗೆ ಇಪ್ಪತ್ತೆರಡು ವರುಷವೂ ತುಂಬಿರಲಿಲ್ಲ. 1913ನೆಯ ಜನವರಿ 31ರಂದು ನಕ್ಷೆಯನ್ನು ಬರೆದು ಅಧಿಕಾರಿಯ ಮುದ್ರೆಯನ್ನು ಹಾಕಿಸಿಟ್ಟನು. ಸರಿಯಾಗಿ ಒಂದು ವರುಷದ ತರುವಾಯ, 1914ರ ಜನವರಿಯ ಕೊನೆಯ ಚಳಿಯ ರಾತ್ರಿ, ಸಮುದ್ರತೀರದ ಗುಡಿಸಲೊಂದರಲ್ಲಿ ಮಾರ್ಕೋನಿ ಕಂಪೆನಿಯ ಡೇವಿಡ್ ಸಾರ್ನಾಫ್ ಎಂಬ ತರುಣನೊಡನೆ ಕುಳಿತು ಬಹುದೂರದ ಕೇಂದ್ರಗಳ ಸಂಕೇತಗಳನ್ನು ಕೇಳಿಸಿದನು. ಅಂದಿನಿಂದ ಅವರಿಬ್ಬರೂ ಸ್ನೇಹಿತರಾದರು. ಈ ಸಾರ್ನಾಫನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಒಂದನೆಯ ಮಹಾಯುದ್ಧದಲ್ಲಿ ಸೈನ್ಯದ ಅಧಿಕಾರಿಯಾಗಿ ಪ್ಯಾರಿಸಿನಲ್ಲಿದ್ದಾಗ, 1918ರಲ್ಲಿ, ಆತನು ಸೂಪರ್‌ಹೆಟರೊಡೈನ್ ಎಂಬ ಗ್ರಾಹಕಯಂತ್ರವನ್ನು ರಚಿಸಿದನು. ತರಂಗವು ಯಾವ ಕಂಪನಸಂಖ್ಯೆಯಲ್ಲಿ ಬಂದರೂ ಅದನ್ನು ಒಂದು ಗೊತ್ತಾದ ಸಂಖ್ಯೆಗೆ ಇಳಿಸಿಕೊಂಡು ಅಲ್ಲಿಯೇ ಹೆಚ್ಚಿಸುವುದು ಇದರ ಮರ್ಮ. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಮನೆಗಳಲ್ಲಿದ್ದ ರೇಡಿಯೋಗಳೆಲ್ಲ ಬಹುಮಟ್ಟಿಗೆ ಈ ಕ್ರಮದವೇ. ಫ್ರಾನ್ಸ್ ದೇಶದವರು ಆತನಿಗೆ ಗೌರವಪದವಿಯನ್ನು ಕೊಟ್ಟರು. ಮೇಜರ್ ಎಂಬ ಸೈನ್ಯದ ಬಿರುದು ಹೆಸರಿಗೆ ಅಂಟಿಕೊಂಡಿತು. 1922ರಲ್ಲಿ ಮತ್ತೊಂದು ಶೋಧನೆಯನ್ನು ಆರ್.ಸಿ.ಎ. ಎಂಬ ದೊಡ್ಡ ರೇಡಿಯೋ ಕಂಪೆನಿಗೆ ಮಾರಿ, ಎರಡು ಲಕ್ಷ ಡಾಲರುಗಳನ್ನೂ ಅರುವತ್ತು ಸಾವಿರ ಷೇರುಗಳನ್ನೂ ಪಡೆದು ಶ್ರೀಮಂತನಾದನು. ಆ ಕಂಪೆನಿಯ ಅಧಿಕಾರದಲ್ಲಿ ಮೇಲೇರುತ್ತಿದ್ದವನು ಅದೇ ಸಾರ್ನಾಫನು. ಅವನ ಕಾರ್ಯದರ್ಶಿಯಾಗಿದ್ದವಳು ಮೇರಿಯನ್ ಮ್ಯಾಕಿನಿಸ್ ಎಂಬ ತರುಣಿ. 1923ರಲ್ಲಿ ಕಂಪೆನಿಯ ಪ್ರಸಾರಗೋಪುರದ ತುತ್ತತುದಿಗೆ ಆರ್ಮ್‌ಸ್ಟ್ರಾಂಗನು ಹತ್ತಿ ನಿಂತು ಚಿತ್ರ ತೆಗೆಯಿಸಿ ಆಕೆಗೆ ಕಳುಹಿಸಿದನು. ಸಾರ್ನಾಫನು ಕೋಪಗೊಂಡು ಆತನನ್ನು ಅಲ್ಲಿಗೆ ಬರಗೊಡಿಸಲಿಲ್ಲ. ಮೇರಿಯನ್ನಳು ಮಾತ್ರ ಅದೇ ವರುಷದ ಡಿಸೆಂಬರ್ 1ರಂದು ಆತನನ್ನು ಮದುವೆಯಾದಳು. ಎಲ್ಲಿಗಾದರೂ ಎತ್ತಿಕೊಂಡು ಹೋಗಬಹುದಾದ ಸೂಪರ್‌ಹೆಟರೊಡೈನ್ ರೇಡಿಯೋ ಒಂದನ್ನು ಮದುವೆಯ ಉಡುಗೊರೆಯಾಗಿ ಆತನು ಮಾಡಿಕೊಟ್ಟನು. ಮಧುಚಂದ್ರದ ಕಾಲದಲ್ಲಿ ಕಡಲತೀರದ ಮರಳಿನ ಮೇಲೆ ಅದನ್ನಿಟ್ಟುಕೊಂಡು ಆಕೆಯು ಕುಳಿತಿರುವ ಚಿತ್ರವು ಪ್ರಸಿದ್ಧವಾಗಿದೆ.

ಡಿ ಫಾರೆಸ್ಟನೊಡನೆ ನಡೆದ ವ್ಯಾಜ್ಯವನ್ನು ಚಿಕ್ಕದಾಗಿ ಹೇಳುತ್ತೇವೆ. ವಿದ್ಯಾರ್ಥಿದೆಸೆಯಲ್ಲಿ ಕಂಡುಹಿಡಿದ ಆ ಮೊದಲನೆಯ ಉಪಾಯವು ತನ್ನದೆಂದು ಡಿ ಫಾರೆಸ್ಟನು ದಾವಾ ಹೂಡಿದನು. ಹತ್ತಾರು ವರುಷ ನಡೆದು 1934ರಲ್ಲಿ ಅಮೆರಿಕಾದ ಪರಮೋಚ್ಚ ನ್ಯಾಯಾಲಯವು ಡಿ ಫಾರೆಸ್ಟನ ಪಕ್ಷದಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಶಾಸ್ತ್ರದೃಷ್ಟಿಯಿಂದ ತಪ್ಪುಗಳಿದ್ದವೆಂದು ಯಂತ್ರಶಾಸ್ತ್ರಜ್ಞರು ಅಂದೇ ಹೇಳಿದರು. ಈ ಶೋಧನೆಗಾಗಿ ರೇಡಿಯೋ ಯಂತ್ರಶಾಸ್ತ್ರಜ್ಞರ ಸಂಸ್ಥೆಯು ಹಿಂದೆ ಕೊಟ್ಟಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗನು ಅದೇ ವರುಷ ಫಿಲಡೆಲ್ಫಿಯಾದ ಸಭೆಗೆ ತಂದು ಹಿಂದಿರುಗಿಸಲು ಹೋದನು. ಸಂಸ್ಥೆಯವರು ಅದನ್ನು ತೆಗೆದುಕೊಳ್ಳಲೊಪ್ಪಲಿಲ್ಲ; ಸಭೆಯೆಲ್ಲವೂ ಎದ್ದುನಿಂತು ಆತನಿಗೆ ಮರ್ಯಾದೆ ಮಾಡಿತು.

ಈ ಕಾಲದೊಳಗಾಗಿಯೇ ಆತನು ತನ್ನ ಮುಖ್ಯ ಕಾರ್ಯವನ್ನು ಸಾಧಿಸಿಯಾಗಿತ್ತು. ಮಳೆಗಾಲದ ಸಂಜೆ, ದೂರದಲ್ಲಿ ಮಿಂಚು ಹೊಳೆದಾಗಲೆಲ್ಲ ರೇಡಿಯೋದಲ್ಲಿ ಕರಕರವೆಂಬ ಶಬ್ದವು ಹಾಡನ್ನು ನುಂಗಿಬಿಡುತ್ತಿದ್ದುದು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದ ಹಳೆಯ ಹುಡುಗಿಯರಿಗೆಲ್ಲ ನೆನಪಿರಬೇಕು. ಮಿಂಚಿನಿಂದಲೂ ವಿದ್ಯುದ್ಯಂತ್ರಗಳಿಂದಲೂ ಹೊರಡುವ ಈ ಗದ್ದಲವು ಬಹುಮಟ್ಟಿಗೆ ತರಂಗದ ಬಲವನ್ನು ಕೆಡಿಸುತ್ತದೆ. ಎ.ಎಂ. ಕ್ರಮದಲ್ಲಿ ಧ್ವನಿಯಿರುವುದೂ ಆ ಬಲದಲ್ಲಿಯೇ ಆದುದರಿಂದ ಕಾಳಿನೊಡನೆ ಕಲ್ಲು ಬೆರೆತಂತಾಗುವುದು. ಕಲ್ಲನ್ನು ಆರಿಸಿ ತೆಗೆಯುವ ಸಣ್ಣ ಪೆಟ್ಟಿಗೆಯೊಂದು ಬೇಕೆಂಬುದು ಸಾರ್ನಾಫನ ಆಸೆಯಾಗಿತ್ತು. ಆರ್ಮ್‌ಸ್ಟ್ರಾಂಗನು ಗುರು ಪ್ಯೂಪಿನನೊಡನೆ ವರುಷಗಟ್ಟಲೆ ಅದನ್ನೇ ಹುಡುಕಿದನು, ದೊರೆಯಲಿಲ್ಲ. ಕಡೆಗೆ ಧ್ವನಿಯನ್ನು ಬಲದ ಮೇಲೆ ಹೊರಿಸುವುದನ್ನೇ ಬಿಟ್ಟು ಕಂಪನಸಂಖ್ಯೆಯ ತೂಗಾಟದ ಮೇಲೆ ಹೊರಿಸಿದರೆ ಹೇಗೆಂದು ಯೋಚಿಸಿದನು.

ಎಫ್.ಎಂ. ಎಂಬ ಕಲ್ಪನೆಯು ಹಿಂದೆಯೂ ಇತ್ತು. ತೂಗಾಟವನ್ನು ಬಹು ಕಿರಿದು ಮಾಡಿದರೆ ಒಂದೊಂದು ಕೇಂದ್ರಕ್ಕೆ ಬೇಕಾಗುವ ಸ್ಥಳವು ಕಡಿಮೆಯಾದೀತೆಂದು ಕೆಲವರು ನಂಬಿದ್ದರು. 1922ರಲ್ಲಿ ಜಾನ್ ಕಾರ್ಸನ್ ಎಂಬ ಗಣಿತಜ್ಞನು ಲೆಕ್ಕ ಹಾಕಿ, ಸ್ಥಳವು ಕಡಿಮೆಯಾಗುವುದಿಲ್ಲವೆಂದೂ ಈ ಕ್ರಮದಿಂದ ಯಾವ ಲಾಭವೂ ಇಲ್ಲವೆಂದೂ ತೋರಿಸಿಕೊಟ್ಟನು. ಲೆಕ್ಕದ ಮೊದಲನೆಯ ಭಾಗವು ಸರಿಯೇ. ಆದರೆ ಎಲ್ಲರೂ ತೂಗಾಟವನ್ನು ಕಿರಿದುಗೊಳಿಸುವ ಮಾತನ್ನೇ ಆಡುತ್ತಿದ್ದಾಗ ಆರ್ಮ್‌ಸ್ಟ್ರಾಂಗನು ಅದನ್ನು ಹಿರಿದುಗೊಳಿಸಿದನು. ಮಾತಿನ ಕಂಪನಕ್ಕಿಂತ ಎಷ್ಟೋ ಪಾಲು ಅಗಲವಾಗಿ ತರಂಗವನ್ನು ತೂಗಿಸಿ, ಗ್ರಾಹಕಯಂತ್ರದಲ್ಲಿ ಬಲದ ಏರಿಳಿತಗಳನ್ನೆಲ್ಲ ಕತ್ತರಿಸಿ ಎಸೆದು, ತೂಗಾಟವನ್ನು ಮಾತ್ರ ಧ್ವನಿಯನ್ನಾಗಿ ಮಾರ್ಪಡಿಸಿದನು. ಕತ್ತರಿಸಿ ಎಸೆದ ಭಾಗದೊಡನೆ ಗದ್ದಲವೂ ಹೊರಟುಹೋಯಿತು. 1933ನೆಯ ಡಿಸೆಂಬರ್ 26ರಂದು ಇದಕ್ಕೆ ಸಂಬಂಧಪಟ್ಟ ಐದು ಪೇಟೆಂಟುಗಳು ಆತನಿಗೆ ದೊರೆತವು.

ಇಲ್ಲಿ ಒಂದು ಸೂಕ್ಷ್ಮವುಂಟು. ಹಾಡುವ ರೀತಿಯು ಶ್ರುತಿಯನ್ನು ಅವಲಂಬಿಸಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಆದರೂ ಅಗಲವಾಗಿ ತೋಳು ಬೀಸುವವನಿಗೆ ಅಗಲವಾದ ಅಂಗಳವೇ ಬೇಕು. ಎ.ಎಂ. ಕೇಂದ್ರವೊಂದಕ್ಕೆ ಸುಮಾರು 10 ಕಿಲೋಹರ್ಟ್ಸ್ ಸ್ಥಳವು ಸಾಕಾದರೆ ಈ ಹೊಸ ಕ್ರಮಕ್ಕೆ 200 ಕಿಲೋಹರ್ಟ್ಸ್ ಬೇಕಾಯಿತು. ಆ ಕಾಲದ ಮಧ್ಯಮ ತರಂಗದ ಬ್ಯಾಂಡನ್ನೆಲ್ಲ ಒಪ್ಪಿಸಿಕೊಟ್ಟರೂ ಐದೇ ಐದು ಎಫ್.ಎಂ. ಕೇಂದ್ರಗಳು ಹಿಡಿದಾವು. ಆದುದರಿಂದ ಆಗ ಹೆಚ್ಚಾಗಿ ಬಳಕೆಯಿಲ್ಲದೆ ಬಿದ್ದಿದ್ದ ಎತ್ತರದ ಕಂಪನಸಂಖ್ಯೆಗಳಿಗೆ ಆತನು ಹೋದನು. ಎಫ್.ಎಂ. ಎಂದೊಡನೆ ಎತ್ತರದ ಬ್ಯಾಂಡೊಂದು ಜನರ ಮನಸ್ಸಿಗೆ ಬರುವುದಕ್ಕೆ ಕಾರಣವಿದು. ಅಂಗಳವನ್ನು ನೋಡಿ ನೋಡಿ ಆಟಕ್ಕೇ ಅಂಗಳದ ಹೆಸರನ್ನಿಟ್ಟಂತಾಯಿತು.

ಸಾರ್ನಾಫನು ಪ್ರಯೋಗಶಾಲೆಗೆ ಬಂದು ನೋಡಿ, ತಾನು ಕೇಳಿದ್ದು ಸಣ್ಣ ಪೆಟ್ಟಿಗೆಯನ್ನು, ಇದಾದರೋ ಹಿಂದಿನದನ್ನೆಲ್ಲ ತೆಗೆದುಹಾಕುವಂಥ ಹೊಸ ವ್ಯವಸ್ಥೆಯೆಂದು ಅರಿತುಕೊಂಡನು. ಆದರೂ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಪರೀಕ್ಷಿಸಲು ಸ್ಥಳಕೊಟ್ಟನು. 1934ರ ಜೂನ್ ತಿಂಗಳಲ್ಲಿ ಅಲ್ಲಿಂದ ಹೊರಟ ಆರ್ಗನ್ ವಾದನವು ಸುಮಾರು ಎಪ್ಪತ್ತು ಮೈಲಿಗಳಾಚೆಗೆ ಎಳ್ಳಷ್ಟೂ ಗದ್ದಲವಿಲ್ಲದೆ ಕೇಳಿಸಿತು. ಆಗ ಬಳಸಿದ್ದು 44 ಮೆಗಾಹರ್ಟ್ಸಿನ ಆಸುಪಾಸಿನ ಕಂಪನಸಂಖ್ಯೆ. ಮರುವರುಷವೇ ಟೆಲಿವಿಷನ್ನಿಗೆ ಸ್ಥಳ ಬೇಕೆಂದು ಹೇಳಿ ಕಂಪೆನಿಯವರು ಆತನ ಯಂತ್ರಗಳನ್ನು ಅಲ್ಲಿಂದ ತೆಗೆಯಿಸಿದರು. ಎ.ಎಂ. ಕೇಂದ್ರಗಳಲ್ಲಿ ತಾವು ಹಾಕಿದ್ದ ಬಂಡವಾಳವು ಹಾಳಾದೀತೆಂಬ ಅಂಜಿಕೆಯೂ ಅವರಿಗಿತ್ತೆಂದು ಎಣಿಸುವುದು ತಪ್ಪಾಗಲಾರದು.

ಆಗ ಆರ್ಮ್‌ಸ್ಟ್ರಾಂಗನು ಯಾರ ಹಂಗೂ ಇಲ್ಲದೆ 1935ನೆಯ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಯಂತ್ರಶಾಸ್ತ್ರಜ್ಞರ ಸಭೆಯೊಂದರ ಮುಂದೆ ತನ್ನ ಕ್ರಮವನ್ನು ತೋರಿಸಿದನು. ಪ್ರಸಾರವು ಹೊರಟದ್ದು ಯಾಂಕರ್ಸಿನಲ್ಲಿದ್ದ ಸ್ನೇಹಿತನೊಬ್ಬನ ಮನೆಯಿಂದ. ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದವನ್ನು ಮುದುರಿ ಹರಿಯುವ ಸದ್ದು, ಜಾಗಟೆಯ ನಾದ, ಇವು ಎದುರಿಗೇ ನಡೆಯುತ್ತಿರುವಂತೆ ಕೇಳಿಸಿದವು. ಅದಕ್ಕಿಂತ ಹೆಚ್ಚಾಗಿ, ಸದ್ದು ನಿಂತೊಡನೆ ಗೊರಗೊರವೆಂಬ ಉಸಿರೂ ಇಲ್ಲದ ಮೌನವು ಸಭಿಕರನ್ನು ಬೆರಗುಗೊಳಿಸಿತು. ಈ ದಿನ ಬಳಸಿದ ತರಂಗವು 110 ಮೆಗಾಹರ್ಟ್ಸಿನ ಸಮೀಪದ್ದೆಂಬುದನ್ನು ನಮ್ಮ ಒಂಬತ್ತನೆಯ ತರಗತಿಯವರು ಗಮನಿಸಬೇಕು. ಎಫ್.ಎಂ. ಎಂದರೆ 88ರಿಂದ 108 ಎಂಬುದು ನಿಜವಾಗಿದ್ದರೆ, ಎಫ್.ಎಂ. ಕ್ರಮದ ಪಿತನು ಅದನ್ನು ಲೋಕಕ್ಕೆ ತೋರಿಸಿದ ದಿನವೇ ಅದು ಎಫ್.ಎಂ. ಆಗಿರಲಿಲ್ಲವೆಂದು ಹೇಳಬೇಕಾದೀತು!

ಅದೇ 1935ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದರು. ಆಕಾಶವಾಣಿಯೆಂಬ ಹೆಸರು ದೇಶಕ್ಕೆ ಬಂದದ್ದು ಆ ಕೇಂದ್ರದಿಂದ. ಎಫ್.ಎಂ. ಪ್ರಸಾರವು ಭಾರತಕ್ಕೆ ಬಂದದ್ದಾದರೋ 1977ರಲ್ಲಿ, ಮದರಾಸಿಗೆ.

ಆರ್ಮ್‌ಸ್ಟ್ರಾಂಗನು ತನ್ನ ಕೈಯಿಂದ ಮೂರು ಲಕ್ಷ ಡಾಲರುಗಳಿಗಿಂತಲೂ ಹೆಚ್ಚು ಹಣವನ್ನು ವೆಚ್ಚಮಾಡಿ ಹಡ್ಸನ್ ನದಿಯ ಆಚೆದಡದ ಆಲ್ಪೈನ್ ಎಂಬಲ್ಲಿ ನಾನೂರು ಅಡಿಗೂ ಮೀರಿದ ಗೋಪುರವನ್ನು ಕಟ್ಟಿಸಿದನು. 1939ರಲ್ಲಿ ಅದರಿಂದ 42.8 ಮೆಗಾಹರ್ಟ್ಸಿನಲ್ಲಿ ಕ್ರಮವಾದ ಪ್ರಸಾರವು ಮೊದಲಾಯಿತು. ಮರುವರುಷ ಸರಕಾರದ ಆಯೋಗವು 42ರಿಂದ 50 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡನ್ನು ಎಫ್.ಎಂ. ಪ್ರಸಾರಕ್ಕೆ ಗೊತ್ತುಮಾಡಿತು. ಕೇಂದ್ರಗಳು ಹುಟ್ಟಿಕೊಂಡವು, ಜನರು ಕೆಲವು ಲಕ್ಷ ಗ್ರಾಹಕಯಂತ್ರಗಳನ್ನು ಕೊಂಡರು. ಆರ್.ಸಿ.ಎ. ಕಂಪೆನಿಯು ಹತ್ತು ಲಕ್ಷ ಡಾಲರುಗಳನ್ನು ಒಂದೇ ಸಾರಿಗೆ ಕೊಟ್ಟು ಪೇಟೆಂಟುಗಳ ಹಕ್ಕನ್ನು ಪಡೆಯಲು ಬಂದಿತು. ಇತರ ಕಂಪೆನಿಗಳು ಮಾರಾಟವಾದ ಪ್ರತಿಯೊಂದು ಯಂತ್ರಕ್ಕೂ ಪಾಲು ಕೊಡುತ್ತಿರುವಾಗ ದೊಡ್ಡವನಿಗೊಂದು ಚಿಕ್ಕವನಿಗೊಂದು ನ್ಯಾಯವು ಸಲ್ಲದೆಂದು ಆತನು ನಿರಾಕರಿಸಿದನು. ಅಂದು ಒಪ್ಪಿಕೊಂಡಿದ್ದರೆ ಉಳಿದ ಬಾಳು ಸುಖವಾಗಿರುತ್ತಿತ್ತೆಂದು ಲೋಕವು ಹೇಳುವುದು. ನಮಗೆ ಆತನ ನಿರಾಕರಣೆಯು ನ್ಯಾಯವಾದುದೆಂದೇ ತೋರುತ್ತದೆ. ತರುವಾಯದ ಹಟದ ವಿಷಯದಲ್ಲಿ ಮಾತ್ರ ಹಾಗೆ ಹೇಳಲಾರೆವು.

ಎರಡನೆಯ ಮಹಾಯುದ್ಧದಲ್ಲಿ ಆತನು ತನ್ನ ಪೇಟೆಂಟುಗಳನ್ನು ಸೈನ್ಯದ ಉಪಯೋಗಕ್ಕೆ ಪ್ರತಿಫಲವಿಲ್ಲದೆ ಬಿಟ್ಟುಕೊಟ್ಟನು. ಅಮೆರಿಕಾದ ಟ್ಯಾಂಕುಗಳಲ್ಲಿ ಎಫ್.ಎಂ. ರೇಡಿಯೋಗಳಿದ್ದವು. ಇಂಜಿನ್ನಿನ ಕಿಡಿಗಳ ಗದ್ದಲದ ನಡುವೆಯೂ ಅವುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವು ಕೆಲಸಮಾಡಿದ್ದು 20ರಿಂದ 28 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡಿನಲ್ಲಿ. ಸೈನಿಕರು ಬೆನ್ನ ಮೇಲೆ ಹೊತ್ತ ಎಫ್.ಎಂ. ಯಂತ್ರಗಳು 40ರಿಂದ 48ರವರೆಗೆ. ಹೀಗೆ ಗಮಕವೊಂದೇ, ಶ್ರುತಿಗಳು ಹಲವು.

ಯುದ್ಧವು ಮುಗಿಯುವ ಕಾಲಕ್ಕೆ ಪೆಟ್ಟು ಬಿದ್ದಿತು. 1945ನೆಯ ಜೂನ್ 27ರಂದು ಸರಕಾರದ ಆಯೋಗವು ಎಫ್.ಎಂ. ಪ್ರಸಾರವನ್ನು ಹಳೆಯ ಬ್ಯಾಂಡಿನಿಂದ ಎಬ್ಬಿಸಿ 88ರ ಮೇಲಿನ ಬ್ಯಾಂಡಿಗೆ ಕಳುಹಿಸಿತು. ಸೂರ್ಯನ ಕಲೆಗಳು ಹೆಚ್ಚುವ ವರುಷಗಳಲ್ಲಿ ಮೇಲಿನ ವಾಯುಮಂಡಲವು ಹಳೆಯ ಬ್ಯಾಂಡಿನ ತರಂಗಗಳನ್ನು ದೂರದೂರಕ್ಕೆ ಹಿಂದಿರುಗಿಸಿ ಒಂದು ಕೇಂದ್ರದ ಮೇಲೊಂದನ್ನು ಕೆಡವುವುದೆಂದು ಸರಕಾರದ ತಜ್ಞನೊಬ್ಬನು ಲೆಕ್ಕಹಾಕಿದ್ದೇ ಇದಕ್ಕೆ ಕೊಟ್ಟ ಕಾರಣ. ಲೆಕ್ಕದಲ್ಲಿ ತಪ್ಪಿದೆಯೆಂದು ಆರ್ಮ್‌ಸ್ಟ್ರಾಂಗನೂ ಇತರರೂ ವಾದಿಸಿದರು. ತಪ್ಪಿದ್ದದ್ದು ಮುಂದೆ ಒಪ್ಪಿತವೂ ಆಯಿತು. ಆದರೆ ಆಜ್ಞೆಯು ಬದಲಾಗಲಿಲ್ಲ. ಜನರು ಹಣಕೊಟ್ಟು ಕೊಂಡಿದ್ದ ಲಕ್ಷಗಟ್ಟಲೆ ಯಂತ್ರಗಳು ಮೂಕವಾದವು. ಕೇಂದ್ರಗಳವರು ಹೊಸ ಪ್ರಸಾರಯಂತ್ರಗಳನ್ನು ಕೊಳ್ಳಬೇಕಾಯಿತು. ಹಳೆಯ ಬ್ಯಾಂಡಿನ ಪ್ರಸಾರವು 1949ರ ಜನವರಿಯಲ್ಲಿ ಪೂರ್ತಿಯಾಗಿ ನಿಂತಿತು. ನಾವು ಇಂದು ಎಫ್.ಎಂ. ಎಂದು ಕರೆಯುತ್ತಿರುವ ಆ ಅಂಕಿಗಳು, ಹೀಗೆ, ಆರ್ಮ್‌ಸ್ಟ್ರಾಂಗನು ಆರಿಸಿಕೊಂಡವುಗಳಲ್ಲ. ಮನೆ ಬಿಡಿಸಿದ ಮೇಲೆ ಆತನ ಶೋಧನೆಗೆ ತೋರಿಸಿಕೊಟ್ಟ ಬೀದಿ. ಆದರೂ ಬೀದಿ ಬದಲಾದ ಮಾತ್ರಕ್ಕೆ ಶೋಧನೆಯು ಕೆಡಲಿಲ್ಲವೆಂಬುದನ್ನೂ ಹೇಳಬೇಕು. ಹೊಸ ಬ್ಯಾಂಡಿನಲ್ಲಿಯೂ ಗದ್ದಲವಿಲ್ಲದೆ ಅದು ಹಾಡಿತು.

ಆರ್.ಸಿ.ಎ. ಕಂಪೆನಿಯಾದರೋ ಪಾಲು ಕೊಡದೆಯೇ ಎಫ್.ಎಂ. ಕ್ರಮವನ್ನು ತನ್ನ ಟೆಲಿವಿಷನ್ನುಗಳ ಧ್ವನಿಗೆ ಬಳಸುತ್ತಿತ್ತು. 1948ನೆಯ ಜುಲೈ 22ರಂದು ಆತನು ಅದರ ಮೇಲೆ ದಾವಾ ಹೂಡಿದನು. ಪ್ರತಿಪಕ್ಷದ ವಕೀಲರು ತಿಂಗಳುಗಟ್ಟಲೆ ಆತನನ್ನು ಪ್ರಶ್ನಿಸಿ ಕಾಲವನ್ನು ಉರುಳಿಸಿದರು. 1950ರ ಕೊನೆಯಲ್ಲಿ ಮೂಲ ಪೇಟೆಂಟುಗಳ ಅವಧಿಯು ತೀರಿತು, ಆದಾಯವೂ ನಿಂತಿತು. ಸಂಪತ್ತೆಲ್ಲವೂ ವಕೀಲರಿಗೆ ಹೋಯಿತು. ಆತನು ಬೇರೆ ಯಾವ ಮಾತನ್ನೂ ಆಡಲಾರದವನಾದನು. 1953ರ ನವೆಂಬರಿನಲ್ಲಿ, ಮುಪ್ಪಿನ ಕಾಲಕ್ಕೆಂದು ಹೆಂಡತಿಯ ಹೆಸರಿನಲ್ಲಿಟ್ಟಿದ್ದ ಹಣವನ್ನೂ ವ್ಯಾಜ್ಯಕ್ಕಾಗಿ ಕೇಳಿದನು. ಆಕೆ ಕೊಡಲೊಪ್ಪದಿರಲು ಕೋಪದಿಂದ ಆಕೆಯ ತೋಳಿನ ಮೇಲೆ ಹೊಡೆದನು. ಮೇರಿಯನ್ನಳು ಮನೆಯನ್ನು ಬಿಟ್ಟು ಅಕ್ಕತಂಗಿಯರ ಆಸರೆಗೆ ಹೋದಳು. ಹೋದದ್ದು ಸರಿಯೆಂದೇ ನಾವು ಹೇಳುವೆವು. ಎಷ್ಟು ದೊಡ್ಡ ಅನ್ಯಾಯಕ್ಕೆ ಗುರಿಯಾದವನಿಗೂ ಹೆಂಡತಿಯ ಮೇಲೆ ಕೈಯೆತ್ತುವ ಹಕ್ಕಿಲ್ಲ.

ಎರಡು ತಿಂಗಳ ಮೇಲೆ, 1954ನೆಯ ಜನವರಿ 31ರ ರಾತ್ರಿ, ಆತನು ಹೆಂಡತಿಗೆ ಪಶ್ಚಾತ್ತಾಪದ ಪತ್ರವನ್ನು ಬರೆದಿಟ್ಟು ತನ್ನ ಜೀವವನ್ನು ತಾನೇ ಕಳೆದುಕೊಂಡನು. ಮೊದಲನೆಯ ನಕ್ಷೆಗೆ ಮುದ್ರೆ ಬಿದ್ದದ್ದೂ ಜನವರಿ 31ರಂದೇ. ಅಂದಿಗೆ ನಾಲ್ವತ್ತೊಂದು ವರುಷಗಳಾಗಿದ್ದವು. ಶಾಲೆಯ ಸಂಚಿಕೆಯಲ್ಲಿ ಈ ಸಂಗತಿಯನ್ನು ಬಿಟ್ಟುಬಿಡಬಹುದಾಗಿತ್ತೆಂದು ಕೆಲವು ಪೋಷಕರಿಗೆ ತೋರಬಹುದು. ನಾವೂ ಹಾಗೆಂದು ಯೋಚಿಸಿದೆವು. ಆದರೆ ನಮ್ಮ ಹುಡುಗಿಯರು ಇದನ್ನು ಬೇರೆಡೆಯಲ್ಲಿ ಓದುವುದಕ್ಕಿಂತ ನಮ್ಮಿಂದಲೇ ಕೇಳುವುದು ಮೇಲು. ಆ ತಿಂಗಳುಗಳಲ್ಲಿ ಆತನು ಒಬ್ಬಂಟಿಗನಾಗಿದ್ದನು. ಮನಸ್ಸಿನ ಭಾರವನ್ನು ಇಳಿಸಿಕೊಳ್ಳಬಹುದಾದ ಸ್ನೇಹಿತರು ಊರಿನಲ್ಲಿದ್ದರು. ಅವರ ಬಳಿಗೆ ಹೋಗಲಿಲ್ಲ. ನಮ್ಮ ಹುಡುಗಿಯರಲ್ಲಿ ಯಾರಿಗಾದರೂ, ಎಷ್ಟೇ ದೊಡ್ಡವರಾಗಿದ್ದರೂ, ಅಂಥ ಭಾರವು ಬಂದಲ್ಲಿ ಶಾಲೆಯ ಬಾಗಿಲು ಮುಚ್ಚಿಲ್ಲವೆಂದು ತಿಳಿದಿರಲಿ.

ಚರಿತ್ರೆಯು ಇಲ್ಲಿಗೆ ಮುಗಿಯಲಿಲ್ಲ. ತೋಳಿಗೆ ಪೆಟ್ಟು ತಿಂದು ಮನೆ ಬಿಟ್ಟಿದ್ದ ಅದೇ ಮೇರಿಯನ್ನಳು ಗಂಡನ ವ್ಯಾಜ್ಯಗಳನ್ನು ಕೈಗೆತ್ತಿಕೊಂಡಳು. 1954ರ ಕೊನೆಯಲ್ಲಿ ಆರ್.ಸಿ.ಎ. ಕಂಪೆನಿಯು ಹತ್ತು ಲಕ್ಷ ಡಾಲರುಗಳಿಗೆ ಸ್ವಲ್ಪ ಮೇಲ್ಪಟ್ಟು ಹಣವನ್ನು ಕೊಟ್ಟು ರಾಜಿ ಮಾಡಿಕೊಂಡಿತು. ಆಕೆಯು ಅಷ್ಟಕ್ಕೆ ನಿಲ್ಲಲಿಲ್ಲ. ಪಾಲು ಕೊಡದೆ ಎಫ್.ಎಂ. ಯಂತ್ರಗಳನ್ನು ಮಾಡಿದ್ದ ಉಳಿದ ಕಂಪೆನಿಗಳ ಮೇಲೆಯೂ ಒಂದಾದ ಮೇಲೊಂದರಂತೆ ಹದಿಮೂರು ವರುಷ ಹೋರಾಡಿ, 1967ರಲ್ಲಿ ಕಡೆಯದಾದ ಮೊಟೊರೋಲಾ ಕಂಪೆನಿಯ ಮೇಲೂ ಗೆದ್ದಳು. ಎಫ್.ಎಂ. ಕ್ರಮವು ಆರ್ಮ್‌ಸ್ಟ್ರಾಂಗನದೆಂಬುದು ಆ ದಿನ ನ್ಯಾಯಾಲಯದಲ್ಲಿ ನಿಶ್ಚಿತವಾಯಿತು. ಆಕೆಯು ಗುಮಾಸ್ತೆಯ ಕೆಲಸದಿಂದ ಮೊದಲುಮಾಡಿದವಳು. ಕಾಗದಪತ್ರಗಳನ್ನು ಜೋಡಿಸಿಡುವ ಅಭ್ಯಾಸವು ಎಂಥ ಕೆಲಸಕ್ಕೆ ಒದಗಿತೆಂಬುದನ್ನು ನೋಡಿ ನಮಗೆ ಸಂತೋಷವಾಯಿತು. ಆಕೆ 1979ರಲ್ಲಿ ತೀರಿಕೊಂಡಳು.

ಪೋಷಕರು ಕೇಳಿದ ಪ್ರಶ್ನೆಗೂ ಉತ್ತರವನ್ನು ಹೇಳಿಬಿಡುವೆವು. ವಿಮಾನದವರ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡಿನಲ್ಲಿ ಮಾತು ಹೋಗುವುದು ಎ.ಎಂ. ಕ್ರಮದಿಂದಲೇ. ಎಫ್.ಎಂ. ಯಂತ್ರವು ಇಬ್ಬರು ಒಟ್ಟಿಗೆ ಮಾತನಾಡಿದರೆ ಬಲಶಾಲಿಯ ಧ್ವನಿಯನ್ನು ಮಾತ್ರ ಕೇಳಿಸಿ ದುರ್ಬಲನನ್ನು ಪೂರ್ತಿಯಾಗಿ ಮುಚ್ಚಿಬಿಡುವುದು. ಎ.ಎಂ. ಕ್ರಮದಲ್ಲಾದರೆ ಇಬ್ಬರೂ ಕಲಸಿಕೊಂಡು ಕೇಳಿಸುವುದರಿಂದ ಮತ್ತೊಬ್ಬನು ಕರೆಯುತ್ತಿದ್ದಾನೆಂಬುದಾದರೂ ತಿಳಿಯುವುದು. ಆಕಾಶದಲ್ಲಿ ತೊಂದರೆಗೆ ಸಿಕ್ಕಿದವನಿಗೆ ಅಷ್ಟೇ ಸಾಕಾಗಬಹುದು. ಹವ್ಯಾಸಿ ರೇಡಿಯೋದವರಂತೂ 144ರ ಬ್ಯಾಂಡೊಂದರಲ್ಲಿಯೇ ಎಫ್.ಎಂ., ಮೋರ್ಸ್ ಸಂಕೇತ ಮುಂತಾದ ಹಲವು ಕ್ರಮಗಳನ್ನು ಬಳಸುವರು. ಹುಡುಗಿಯರು ಹಲಗೆಯನ್ನು ತಿದ್ದಿ ಬರೆದಿದ್ದಾರೆ. ಮುಂದಿನ ಪ್ರದರ್ಶನಕ್ಕೆ ಬಂದವರು ನೋಡಬಹುದು.

ಆಲ್ಪೈನಿನ ಗೋಪುರವು ಇನ್ನೂ ನಿಂತಿದೆ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜೋಡಿಕಟ್ಟಡಗಳು ಉರುಳಿ ಅವುಗಳ ಮೇಲಿದ್ದ ಪ್ರಸಾರಸ್ತಂಭವು ನಾಶವಾದಾಗ, ಪಟ್ಟಣದ ಕೆಲವು ಟೆಲಿವಿಷನ್ ಕೇಂದ್ರಗಳು ಈ ಗೋಪುರದಿಂದಲೇ ಕೆಲಕಾಲ ಪ್ರಸಾರಮಾಡಿದವು. 2005ರ ಜೂನಿನಲ್ಲಿ, ಆರ್ಮ್‌ಸ್ಟ್ರಾಂಗನು ತನ್ನ ಕ್ರಮವನ್ನು ಸಭೆಗೆ ತೋರಿಸಿದ ಎಪ್ಪತ್ತನೆಯ ವರುಷದ ನೆನಪಿಗಾಗಿ, ಸರಕಾರದ ಅಪ್ಪಣೆಯನ್ನು ಪಡೆದು, ಅಲ್ಲಿಂದ ಎಫ್.ಎಂ. ಪ್ರಸಾರವೊಂದನ್ನು ಕಳುಹಿಸಿದರು. ಕಳುಹಿಸಿದ್ದು ಹಳೆಯ ಬ್ಯಾಂಡಿನಲ್ಲಿ, 42.8 ಮೆಗಾಹರ್ಟ್ಸಿನಲ್ಲಿ. ಈಗಿನ ಎಫ್.ಎಂ. ಪೆಟ್ಟಿಗೆಗಳಲ್ಲಿ ಅದು ಕೇಳಿಸುವಂತಿರಲಿಲ್ಲ. 1945ಕ್ಕೆ ಮುಂಚೆ ಕೊಂಡು ಅಟ್ಟದಲ್ಲಿ ಜೋಪಾನವಾಗಿಟ್ಟಿದ್ದವರ ಹಳೆಯ ಯಂತ್ರಗಳಿಗೆ ಅದನ್ನು ಹಿಡಿಯಲು ಸಾಧ್ಯವಿತ್ತು.